ಶಾಲೆ ಬಿಟ್ಟ ಮೇಲಿನ ಗುರುಗಳು



ಶಾಲೆಯ ಕೊನೆಯ ಗಂಟೆ ಬಾರಿಸಿದ ಮೇಲೆ ಮಗು ಎಲ್ಲಿಗೆ ಹೋಗುತ್ತದೆ? ತಂದೆ ತಾಯಿ ಇಬ್ಬರೂ ದುಡಿಮೆಗೆ ಹೋಗಿದ್ದರೆ ಸಂಜೆಯವರೆಗೆ ಅದರ ಜವಾಬ್ದಾರಿ ಯಾರದು? ತರಗತಿಯಲ್ಲಿ ಪಾಠ ಹೇಳುವವರು ಬಿ.ಎಡ್. ಮಾಡಿರಬೇಕೆಂದು ನಾವು ಬಯಸುತ್ತೇವೆ. ಆದರೆ ಅದೇ ಮಕ್ಕಳನ್ನು ಶಾಲೆ ಬಿಟ್ಟ ನಂತರ ಎರಡು ಮೂರು ಗಂಟೆ ನೋಡಿಕೊಳ್ಳುವವರು ಏನು ಓದಿರಬೇಕೆಂದು ಕೇಳುವವರು ವಿರಳ. ‘ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಓದು ಬೇಕೇ?’ ಎಂಬ ಉದಾಸೀನವೇ ಹೆಚ್ಚು.

ಈ ಪ್ರಶ್ನೆಯನ್ನು ಗಂಭೀರವಾಗಿ ಪರಿಗಣಿಸಿ, ಆ ಕೆಲಸಕ್ಕೆಂದೇ ಪ್ರತ್ಯೇಕ ಉನ್ನತ ಶಿಕ್ಷಣವನ್ನು ರೂಪಿಸಿದ ದೇಶ ಸ್ವೀಡನ್. ಆ ದೇಶದ ಅನುಭವದಲ್ಲಿ ಗೆಲುವೂ ಇದೆ, ಸೋಲೂ ಇದೆ. ಎರಡೂ ನಮಗೆ ಪಾಠವೇ.

ದಾನಧರ್ಮದಿಂದ ಆರಂಭ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವೀಡನ್ ಇಂದಿನಂತೆ ಶ್ರೀಮಂತ ದೇಶವಾಗಿರಲಿಲ್ಲ. ಹಳ್ಳಿಗಳಿಂದ ಜನ ಪಟ್ಟಣಗಳ ಕಾರ್ಖಾನೆಗಳಿಗೆ ಬರುತ್ತಿದ್ದ ಕಾಲವದು. ಬಡ ಕಾರ್ಮಿಕರ ಮಕ್ಕಳು ಶಾಲೆ ಮುಗಿದ ಮೇಲೆ ಬೀದಿ ಸುತ್ತುತ್ತಿದ್ದರು, ಕೆಲವರು ಭಿಕ್ಷೆಗೂ ಇಳಿಯುತ್ತಿದ್ದರು. ಇದನ್ನು ಕಂಡು ಮರುಗಿದವರು ಆನಾ ಹಿಯೆರ್ಟಾ-ರೆಟ್ಸಿಯುಸ್ (1841-1924). ಅವರ ತಂದೆ ಲಾರ್ಸ್ ಯೋಹಾನ್ ಹಿಯೆರ್ಟಾ 1830ರಲ್ಲಿ ‘ಆಫ್ಟನ್‌ಬ್ಲಾಡೆಟ್’ ಎಂಬ ಪ್ರಸಿದ್ಧ ಪತ್ರಿಕೆಯನ್ನು ಸ್ಥಾಪಿಸಿದವರು. ಸಿರಿವಂತ ಮನೆಯಲ್ಲಿ ಹುಟ್ಟಿದ ಆನಾ, 1887ರಲ್ಲಿ ಸ್ಟಾಕ್‌ಹೋಮ್ ನಗರದ ಅಡಾಲ್ಫ್ ಫ್ರೆಡ್ರಿಕ್ ಬಡಾವಣೆಯಲ್ಲಿ ಮೊದಲ ‘ಆರ್ಬೆಟ್ಸ್‌ಸ್ಟೂಗಾ’ ತೆರೆದರು. ಈ ಪದಕ್ಕೆ ‘ಕೆಲಸದ ಮನೆ’ ಎಂದರ್ಥ.

ಮಕ್ಕಳು ಶಾಲೆಯ ಅವಧಿಯ ಹೊರಗೆ ಅಲ್ಲಿಗೆ ಬಂದು ಬುಟ್ಟಿ ಹೆಣೆಯುವುದು, ಹೊಲಿಗೆ, ಮರಗೆಲಸ ಮುಂತಾದವನ್ನು ಕಲಿಯುತ್ತಿದ್ದರು. ಕೆಲಸಕ್ಕೆ ಪ್ರತಿಫಲವಾಗಿ ಅವರಿಗೆ ಊಟ ಸಿಗುತ್ತಿತ್ತು. ಹಸಿವು ನೀಗಿಸುವುದು ಮತ್ತು ದುಡಿಮೆಯ ಅಭ್ಯಾಸ ಬೆಳೆಸುವುದು ಇದರ ಗುರಿ. ಇಂಥ ಮನೆಗಳು ಬೇರೆ ಊರುಗಳಿಗೂ ಹರಡಿದವು. ಉದ್ದೇಶ ಉದಾತ್ತವಾದದ್ದೇ. ಆದರೂ ಒಂದು ಮಾತನ್ನು ಗಮನಿಸಿ: ಇಡೀ ವ್ಯವಸ್ಥೆ ದಾನಿಗಳ ಕೃಪೆಯನ್ನು ನಂಬಿತ್ತು. ಅಲ್ಲಿ ಬರುವ ಮಗು ‘ಬಡವರ ಮಗು’ ಎನಿಸಿಕೊಳ್ಳುತ್ತಿತ್ತು. ಅಲ್ಲಿನ ಕೆಲಸವನ್ನು ಸಮಾಜ ಸೇವೆ ಎಂದು ಕಂಡಿತೇ ಹೊರತು ಒಂದು ವೃತ್ತಿ ಎಂದು ಕಾಣಲಿಲ್ಲ.

ಸೇವೆ ವೃತ್ತಿಯಾದದ್ದು

ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಈ ಕೆಲಸದ ಮನೆಗಳು ‘ಮಧ್ಯಾಹ್ನದ ಮನೆ’ಗಳಾಗಿ ಬದಲಾದವು. ದುಡಿಮೆಗಿಂತ ಆಟ, ವಿಶ್ರಾಂತಿ, ಹವ್ಯಾಸಗಳಿಗೆ ಪ್ರಾಶಸ್ತ್ಯ ಬಂತು. ಇದೇ ಕಾಲದಲ್ಲಿ ಚಿಕ್ಕ ಮಕ್ಕಳ ಶಿಕ್ಷಣದಲ್ಲಿ ಒಂದು ಮುಖ್ಯ ಹೆಜ್ಜೆ ಇಟ್ಟವರು ಆಲ್ವಾ ಮಿರ್ಡಾಲ್. ಮುಂದೆ 1955ರಿಂದ ಭಾರತದಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದು, 1982ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡವರೂ ಇವರೇ. 1936ರಲ್ಲಿ ಅವರು ಸ್ಟಾಕ್‌ಹೋಮ್‌ನಲ್ಲಿ ಶಾಲಾಪೂರ್ವ ಶಿಕ್ಷಕಿಯರ ತರಬೇತಿ ಸಂಸ್ಥೆಯೊಂದನ್ನು ಆರಂಭಿಸಿದರು. ಮಕ್ಕಳನ್ನು ನೋಡಿಕೊಳ್ಳುವವರಿಗೂ ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದ ತಿಳಿವಳಿಕೆ ಬೇಕು ಎಂಬುದು ಅವರ ನಿಲುವಾಗಿತ್ತು.

1960ರ ದಶಕದಲ್ಲಿ ಸ್ವೀಡನ್ನಿನ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಉದ್ಯೋಗಕ್ಕೆ ಬಂದರು. ಶಾಲೆ ಬಿಟ್ಟ ಮೇಲಿನ ಆರೈಕೆ ಈಗ ಬಡವರ ಅಗತ್ಯ ಮಾತ್ರವಾಗಿ ಉಳಿಯಲಿಲ್ಲ, ಎಲ್ಲ ಕುಟುಂಬಗಳ ಅಗತ್ಯವಾಯಿತು. ಕೇಂದ್ರಗಳಿಗೆ ‘ಫ್ರಿಟಿಡ್ಸ್‌ಹೆಮ್’, ಅಂದರೆ ‘ಬಿಡುವಿನ ಮನೆ’, ಎಂಬ ಹೆಸರು ಬಂತು. ಕೇಂದ್ರಗಳು ಹೆಚ್ಚಿದಂತೆ ಅವುಗಳನ್ನು ನಡೆಸಬಲ್ಲವರು ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಇದಕ್ಕೆ ಉತ್ತರವಾಗಿ 1964ರಲ್ಲಿ ನಾರ್ಶೋಪಿಂಗ್ ಎಂಬ ಊರಿನಲ್ಲಿ ಪ್ರಾಯೋಗಿಕವಾಗಿ ಒಂದು ತರಬೇತಿ ಆರಂಭವಾಯಿತು. ಅದನ್ನು ಮುಗಿಸಿದವರು ಮುಂದೆ ‘ಫ್ರಿಟಿಡ್ಸ್‌ಪೆಡಗೋಗ್’ ಎನಿಸಿಕೊಂಡರು. ಬಿಡುವಿನ ವೇಳೆಯ ಶಿಕ್ಷಕ ಎಂದು ಇದನ್ನು ಕನ್ನಡದಲ್ಲಿ ಹೇಳಬಹುದು.

ಇವರು ಕಲಿಯಬೇಕಾದದ್ದು ಏನು? ಗಣಿತದ ಶಿಕ್ಷಕರಿಗೆ ಪಠ್ಯಪುಸ್ತಕವಿದೆ, ವೇಳಾಪಟ್ಟಿಯಿದೆ, ಪರೀಕ್ಷೆಯಿದೆ. ಬಿಡುವಿನ ಮನೆಯಲ್ಲಿ ಇದಾವುದೂ ಇಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಇರುತ್ತಾರೆ. ಇಬ್ಬರು ಜಗಳವಾಡಿದರೆ ರಾಜಿ ಮಾಡಿಸಬೇಕು, ಯಾರೂ ಆಟಕ್ಕೆ ಸೇರಿಸಿಕೊಳ್ಳದ ಮಗುವನ್ನು ಗುರುತಿಸಬೇಕು, ಆಟದ ಮೂಲಕವೇ ಕಲಿಸಬೇಕು. ಮಗುವಿನ ಬೆಳವಣಿಗೆ, ಗುಂಪಿನ ಸ್ವಭಾವ, ಕರಕುಶಲ, ಸಂಗೀತ, ನಾಟಕ, ಹೊರಾಂಗಣ ಚಟುವಟಿಕೆ ಇವೆಲ್ಲವೂ ಬಲ್ಲವರಿಗಷ್ಟೇ ಈ ಕೆಲಸ ಸುಲಭ.

1977ರ ಉನ್ನತ ಶಿಕ್ಷಣ ಸುಧಾರಣೆಯಲ್ಲಿ ಈ ತರಬೇತಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ವ್ಯವಸ್ಥೆಗೆ ಸೇರಿತು. ಇದರ ಮಹತ್ವವನ್ನು ವಿದ್ಯಾರ್ಥಿ ಮಿತ್ರರು ಗಮನಿಸಬೇಕು. ಅಲ್ಲಿಯವರೆಗೆ ಪ್ರಮಾಣಪತ್ರದೊಂದಿಗೆ ಓದು ನಿಂತುಬಿಡುತ್ತಿತ್ತು. ಈಗ ಮುಂದಿನ ವ್ಯಾಸಂಗಕ್ಕೆ, ಸಂಶೋಧನೆಗೆ ದಾರಿ ತೆರೆಯಿತು. ವೃತ್ತಿಗೆ ಮೆಟ್ಟಿಲುಗಳು ಬಂದವು.

ಏರಿದ್ದು ಇಳಿಯಿತು

ಇತಿಹಾಸ ಸದಾ ಮೇಲೇರುತ್ತಲೇ ಹೋಗುವುದಿಲ್ಲ. 1990ರ ದಶಕದ ಆರಂಭದಲ್ಲಿ ಸ್ವೀಡನ್ ತೀವ್ರ ಆರ್ಥಿಕ ಮುಗ್ಗಟ್ಟಿಗೆ ಸಿಲುಕಿತು. ಖರ್ಚು ತಗ್ಗಿಸಲು ಸ್ಥಳೀಯ ಆಡಳಿತಗಳು ಬಿಡುವಿನ ಮನೆಗಳನ್ನು ಶಾಲಾ ಕಟ್ಟಡಗಳೊಳಗೆ ತಂದವು. 1996ರಲ್ಲಿ ಇವುಗಳ ಹೊಣೆ ಸಮಾಜ ಕಲ್ಯಾಣದ ಸಚಿವಾಲಯದಿಂದ ಶಿಕ್ಷಣ ಸಚಿವಾಲಯಕ್ಕೆ ವರ್ಗವಾಯಿತು. ಶಾಲೆ ಮತ್ತು ಬಿಡುವಿನ ಮನೆ ಒಂದೇ ಸೂರಿನಡಿ ಬಂದರೆ ಮಗುವಿಗೆ ಒಳ್ಳೆಯದು ಎಂಬ ವಾದದಲ್ಲಿ ಹುರುಳಿತ್ತು. ಆದರೆ ಹಲವೆಡೆ ಈ ಶಿಕ್ಷಕರು ಬೆಳಿಗ್ಗೆ ತರಗತಿಯಲ್ಲಿ ಸಹಾಯಕರಾದರು, ಮಧ್ಯಾಹ್ನ ಎಂದಿನಂತೆ ಮಕ್ಕಳ ಗುಂಪನ್ನು ನೋಡಿಕೊಂಡರು. ತಮ್ಮ ಕೆಲಸಕ್ಕೆ ಯೋಜನೆ ಹಾಕಿಕೊಳ್ಳುವ ಸಮಯವೇ ಕರಗಿತು.

ಅಂಕಿಗಳೇ ಈ ಕಥೆ ಹೇಳುತ್ತವೆ. 1990ರಲ್ಲಿ ಒಂದು ಗುಂಪಿನಲ್ಲಿ ಸರಾಸರಿ ಸುಮಾರು 18 ಮಕ್ಕಳಿದ್ದರು. 2010ರ ದಶಕದಲ್ಲಿ ಆ ಸಂಖ್ಯೆ 40ರ ಆಸುಪಾಸಿಗೆ ಏರಿತ್ತು. 2001ರಲ್ಲಿ ಎಲ್ಲ ಬಗೆಯ ಶಿಕ್ಷಕರಿಗೂ ಒಂದೇ ಪದವಿ ಎಂಬ ಸುಧಾರಣೆ ಬಂದಾಗ ಇವರ ಪ್ರತ್ಯೇಕ ಪದವಿಯೂ ಅದರಲ್ಲಿ ಲೀನವಾಯಿತು. ಸಮಾನತೆ ಸಿಕ್ಕಿತು ನಿಜ, ಆದರೆ ಪದವಿ ಪಡೆದ ಅನೇಕರು ತರಗತಿಯ ಬೋಧನೆಯತ್ತ ಹೊರಳಿದರು. ಬಿಡುವಿನ ಮನೆಗೆ ಜನ ಸಾಲದಾಯಿತು.

ಮತ್ತೆ ಕಟ್ಟುವ ಪ್ರಯತ್ನ

2011ರಲ್ಲಿ ಸ್ವೀಡನ್ ದಾರಿ ಬದಲಿಸಿತು. ಬಿಡುವಿನ ಮನೆಯ ಕೆಲಸಕ್ಕೆಂದೇ ಮೂರು ವರ್ಷಗಳ ಪ್ರತ್ಯೇಕ ಶಿಕ್ಷಕ ಪದವಿ ಮರಳಿ ಬಂತು. ಕಲೆ, ಸಂಗೀತ, ದೈಹಿಕ ಶಿಕ್ಷಣ, ಕರಕುಶಲದಂಥ ಒಂದು ವಿಷಯದಲ್ಲಿ ಶಾಲೆಯಲ್ಲಿ ಬೋಧಿಸುವ ಅರ್ಹತೆಯೂ ಈ ಪದವಿಯೊಂದಿಗೆ ಸಿಗುತ್ತದೆ. ಹೀಗಾಗಿ ಅರೆಕಾಲಿಕವಾಗಿದ್ದ ಕೆಲಸ ಪೂರ್ಣಾವಧಿಯ ಉದ್ಯೋಗವಾಗಲು ಅನುಕೂಲವಾಯಿತು. 2016ರಲ್ಲಿ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಬಿಡುವಿನ ಮನೆಗೆ ಪ್ರತ್ಯೇಕ ಅಧ್ಯಾಯ ಸೇರಿತು. 2019ರ ಜುಲೈ 1ರಿಂದ, ಅಲ್ಲಿನ ಬೋಧನೆಯ ಹೊಣೆ ಹೊರುವವರಿಗೆ ಶಿಕ್ಷಕ ಪರವಾನಗಿ ಕಡ್ಡಾಯವಾಯಿತು.

ಹಾಗೆಂದು ಸಮಸ್ಯೆ ಮುಗಿಯಲಿಲ್ಲ. ನಿಯಮ ಬಂದಾಗಲೂ ಅಲ್ಲಿನ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಕಡಿಮೆ ಜನರಿಗೆ ಸಂಬಂಧಪಟ್ಟ ಉನ್ನತ ಶಿಕ್ಷಣವಿತ್ತು. ಉಳಿದವರು ವರ್ಷಗಟ್ಟಲೆ ಅನುಭವವಿದ್ದೂ ಸಹಾಯಕರಾಗಿ ಉಳಿಯಬೇಕಾಯಿತು. ಸಂಸಾರ ಬಿಟ್ಟು ಮೂರು ವರ್ಷ ಕಾಲೇಜಿಗೆ ಹೋಗಿ ಎಂದು ಅವರಿಗೆ ಹೇಳುವುದು ಸುಲಭ, ಅವರು ಹೋಗುವುದು ಕಷ್ಟ. ಆದ್ದರಿಂದ ಕೆಲವು ವಿಶ್ವವಿದ್ಯಾಲಯಗಳು ವಾರದ ಕೆಲವು ದಿನ ಕೆಲಸ, ಕೆಲವು ದಿನ ಓದು ಎಂಬ ವ್ಯವಸ್ಥೆ ಮಾಡಿದವು. ದುಡಿಯುತ್ತಲೇ ಪದವಿ ಪಡೆಯುವ ದಾರಿ ಇದು.

ನಮಗೆ ಏನು ಪಾಠ?

ಓದುಗರೇ, ಈ ಇತಿಹಾಸದಿಂದ ಮೂರು ಮಾತುಗಳು ಸ್ಪಷ್ಟವಾಗುತ್ತವೆ. ಒಂದು, ಒಳ್ಳೆಯ ಮನಸ್ಸು ಕೆಲಸವನ್ನು ಆರಂಭಿಸಬಲ್ಲದು, ಅದನ್ನು ಉಳಿಸಿ ಬೆಳೆಸುವುದು ತರಬೇತಿ. ಎರಡು, ತರಬೇತಿಯ ಮುಂದೆ ಮೆಟ್ಟಿಲು ಇರಬೇಕು. ಕಲಿತವರಿಗೆ ಸಂಬಳವೂ ಸ್ಥಾನವೂ ಏರದಿದ್ದರೆ ಅವರು ಬೇರೆ ಉದ್ಯೋಗ ಹುಡುಕುತ್ತಾರೆ, ಮಕ್ಕಳಿಗೆ ಪ್ರತಿ ವರ್ಷ ಹೊಸ ಮುಖ. ಮೂರು, ನಿಯಮ ಮಾಡುವ ಮೊದಲು, ಈಗಾಗಲೇ ದುಡಿಯುತ್ತಿರುವವರಿಗೆ ಓದುವ ಅವಕಾಶ ಮಾಡಿಕೊಡಬೇಕು.

ನಮ್ಮ ಊರುಗಳಲ್ಲಿಯೂ ಸಂಜೆಯ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡುವ ಯುವಕ ಯುವತಿಯರಿದ್ದಾರೆ. ನಿಮ್ಮಲ್ಲೇ ಕೆಲವರು ಕಾಲೇಜಿನ ಖರ್ಚಿಗೆಂದು ಆ ಕೆಲಸ ಮಾಡುತ್ತಿರಬಹುದು. ಅದನ್ನು ಕೀಳಾಗಿ ಕಾಣಬೇಡಿ. ನಲವತ್ತು ಮಕ್ಕಳ ನಡುವೆ ಮೂಲೆಯಲ್ಲಿ ಸುಮ್ಮನೆ ಕುಳಿತ ಒಂದು ಮಗುವನ್ನು ಗುರುತಿಸುವುದು ದೊಡ್ಡ ವಿದ್ಯೆ. ಸಂಘ ಸಂಸ್ಥೆಗಳ ಹಿರಿಯರಲ್ಲಿಯೂ ಒಂದು ಅರಿಕೆ: ಸಂಜೆ ತರಗತಿಗೆ ಕೋಣೆ, ಬೆಂಚು, ದೀಪ ಒದಗಿಸುವಾಗ ಅಲ್ಲಿ ನಿಲ್ಲುವ ವ್ಯಕ್ತಿಯ ಓದಿಗೂ ಒಂದು ಪಾಲು ತೆಗೆದಿಡಿ. ಕಟ್ಟಡಕ್ಕೆ ಕೊಟ್ಟದ್ದು ಕಣ್ಣಿಗೆ ಬೇಗ ಕಾಣುತ್ತದೆ. ಗುರುವಿಗೆ ಕೊಟ್ಟದ್ದು ಮಕ್ಕಳಲ್ಲಿ ನಿಧಾನವಾಗಿ ಕಾಣುತ್ತದೆ, ಬಹುಕಾಲ ಉಳಿಯುತ್ತದೆ.