ನಿಂತ ಕಾರಿನ ಇತಿಹಾಸ: ಹ್ಯಾಂಡಲ್ ಹೋಯ್ತು, ಬ್ಯಾಟರಿ ಬಂತು

ಕಾರಿನ ಇತಿಹಾಸ ಅಂದರೆ ಸಾಮಾನ್ಯವಾಗಿ ಓಡುವ ಕಾರಿನ ಕಥೆ. ಎಷ್ಟು ಸ್ಪೀಡು, ಎಷ್ಟು ಮೈಲೇಜು, ಯಾವ ರೇಸು ಗೆದ್ದಿತು ಅಂತ. ನಾನು ಇವತ್ತು ನಿಂತ ಕಾರಿನ ಇತಿಹಾಸ ಹೇಳ್ತೀನಿ. ಯಾಕೆಂದರೆ ದಿನಕ್ಕೆ ಒಂದು ಗಂಟೆ ಓಡಿಸಿದರೂ ಉಳಿದ 23 ಗಂಟೆ ಕಾರು ಶೆಡ್ಡಿನಲ್ಲೋ, ಬೇಸ್‌ಮೆಂಟಿನಲ್ಲೋ, ರಸ್ತೆ ಬದಿಯ ಹೊಂಗೆ ಮರದ ಕೆಳಗೋ ನಿಂತೇ ಇರುತ್ತೆ.

ಕೇಳುಗರು ಆಗಾಗ ಕೇಳುವ ಪ್ರಶ್ನೆ ಇದು: "ಈಗಿನ ಕಾಲದ ಕಾರನ್ನ ತಿಂಗಳುಗಟ್ಟಲೆ ನಿಲ್ಲಿಸಿಟ್ಟರೆ ಹಾಳಾಗುತ್ತಾ?" ಕೇಳೋದಕ್ಕೆ ಸಣ್ಣ ಪ್ರಶ್ನೆ. ಆದರೆ ಇದರ ಹಿಂದೆ ಒಂದು ಆತಂಕ ಇದೆ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದಾರೆ, ಊರಲ್ಲಿ ಅಪ್ಪ ಅಮ್ಮ ಇಬ್ಬರೇ. ಅಂಗಳದಲ್ಲಿ ಕವರ್ ಹೊದ್ದ ಕಾರು. ಅದು ಓಡಾಟಕ್ಕಲ್ಲ, ಆಪತ್ತಿಗೆ. ರಾತ್ರಿ ಎರಡು ಗಂಟೆಗೆ ಎದೆನೋವು ಅಂತಾದರೆ ಪಕ್ಕದ ಮನೆ ಹುಡುಗನ್ನ ಎಬ್ಬಿಸಿ ಕೀ ಕೊಡಬೇಕು. ಅವನು ಕೀ ತಿರುಗಿಸಿದಾಗ "ಟಿಕ್ ಟಿಕ್" ಅನ್ನೋ ಸದ್ದು ಮಾತ್ರ ಬಂದರೆ? ಇವತ್ತಿನ ಕಂತು ಆ "ಟಿಕ್ ಟಿಕ್" ಎಲ್ಲಿಂದ ಬಂತು ಅನ್ನೋದರ ಬಗ್ಗೆ.

ಮೊದಲು ಹ್ಯಾಂಡಲ್ ಕಾಲಕ್ಕೆ ಹೋಗೋಣ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಶುರುವಿನಲ್ಲಿ ಬ್ಯಾಟರಿಯ ಹಂಗೇ ಇರಲಿಲ್ಲ. ಕಿಡಿ ಹಾರಿಸೋದಕ್ಕೆ ಬೇಕಾದ ವಿದ್ಯುತ್ತನ್ನು ಎಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟೋ ಹುಟ್ಟಿಸುತ್ತಿತ್ತು. ಪೆಟ್ರೋಲು ಟ್ಯಾಂಕಿನಿಂದ ತನ್ನಷ್ಟಕ್ಕೆ ಕೆಳಗೆ ಇಳಿಯುತ್ತಿತ್ತು, ಪಂಪು ಬೇಡ. ಮುಂದೆ ನಿಂತು ಹ್ಯಾಂಡಲ್ ತಿರುಗಿಸುವ ಒಂದು ಗಟ್ಟಿ ತೋಳು ಬೇಕು, ಅಷ್ಟೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲ ಬಂದರೆ ಕಾರನ್ನು ತಿಂಗಳುಗಟ್ಟಲೆ ಮೂಲೆಗೆ ಸೇರಿಸುತ್ತಿದ್ದರು. ನೀರು ಹೆಪ್ಪುಗಟ್ಟಿ ಎಂಜಿನ್ ಸೀಳಬಾರದು ಅಂತ ರೇಡಿಯೇಟರ್ ಖಾಲಿ ಮಾಡೋರು. ಟೈರಿನ ಮೇಲೆ ಭಾರ ಬೀಳದ ಹಾಗೆ ಕಾರನ್ನೆತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸೋರು. ಅಂದರೆ ನಿಂತ ಕಾರು ಹಾಳಾಗುತ್ತೆ ಅನ್ನೋದು ಅವರಿಗೂ ಗೊತ್ತಿತ್ತು. ಆದರೆ ಅವರ ಭಯ ನೀರಿನದು, ರಬ್ಬರಿನದು. ವಿದ್ಯುತ್ತಿನದಲ್ಲ.

ಹಾಗಂತ ಹ್ಯಾಂಡಲ್ ಸಾಧು ಪ್ರಾಣಿಯಲ್ಲ. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯೋದು, ಮಣಿಕಟ್ಟು ತಿರುಚೋದು. ಇದಕ್ಕೆ ಪರಿಹಾರ ಕೊಟ್ಟವರು ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕೆಟರಿಂಗ್. ಅವರು ಅದಕ್ಕೆ ಮುಂಚೆ ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟಾರು ಜೋಡಿಸಿದ್ದವರು. ಗಲ್ಲಾಪೆಟ್ಟಿಗೆ ತೆರೆಯೋ ಮೋಟಾರು ದಿನವಿಡೀ ತಿರುಗಬೇಕಿಲ್ಲ, ಒಂದು ಕ್ಷಣ ಜೋರಾಗಿ ಎಳೆದರೆ ಸಾಕು. ಅದೇ ಯೋಚನೆ ಕಾರಿಗೂ ಬಂತು. ಚಿಕ್ಕ ಮೋಟಾರು, ಕೆಲವೇ ಸೆಕೆಂಡಿನ ಎಳೆತ, ಅದಕ್ಕೊಂದು ಬ್ಯಾಟರಿ, ಓಡುವಾಗ ಆ ಬ್ಯಾಟರಿ ತುಂಬಿಸೋದಕ್ಕೆ ಒಂದು ಜನರೇಟರು. 1912ರ ಕ್ಯಾಡಿಲಾಕ್ ಕಾರಿಗೆ ಇದು ಬಂತು. ಮಾಡೆಲ್ ಟಿಗೂ 1919ರಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಸೇರಿತು.

ನಿಂತ ಕಾರಿನ ಇತಿಹಾಸ ತಿರುವು ತಗೊಂಡಿದ್ದು ಇಲ್ಲಿ. ತೋಳಿನ ಕೆಲಸ ಬ್ಯಾಟರಿಗೆ ಹೋಯ್ತು. ತೋಳು ರಾತ್ರಿ ಮಲಗೆದ್ದರೆ ಮತ್ತೆ ಶಕ್ತಿ ತುಂಬಿಕೊಳ್ಳುತ್ತೆ. ಬ್ಯಾಟರಿ ಸುಮ್ಮನೆ ಬಿಟ್ಟಷ್ಟೂ ಶಕ್ತಿ ಕಳಕೊಳ್ಳುತ್ತೆ.

ಈ ಬ್ಯಾಟರಿ ಫ್ರಾನ್ಸಿನ ಗಾಸ್ತೋ ಪ್ಲಾಂತೆ 1859ರಲ್ಲಿ ಮಾಡಿದ ಸೀಸ ಮತ್ತು ಆಮ್ಲದ ಬ್ಯಾಟರಿಯ ವಂಶದ್ದೇ. ಒಳಗಿನ ಚಾರ್ಜು ಇಳಿದಾಗ ಸೀಸದ ಫಲಕಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತೆ. ಬೇಗ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಫಲಕವನ್ನೇ ಮುಚ್ಚುತ್ತೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಬ್ಯಾಟರಿ ಮೊದಲಿನಷ್ಟು ಹಿಡಿಯಲ್ಲ. ಅದಕ್ಕೇ ಒಂದು ಸಲ ಪೂರ್ತಿ ಕೂತ ಬ್ಯಾಟರಿ ಅದಾದ ಮೇಲೆ ಪದೇ ಪದೇ ಕೈಕೊಡೋದು.

ಈಗ ನಮ್ಮ ದೇಶಕ್ಕೆ ಬರೋಣ. ಅಂಬಾಸಡರ್ ಕಾಲದವರಿಗೆ ನೆನಪಿರುತ್ತೆ, ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕು, ಜೊತೆಗೆ ಹ್ಯಾಂಡಲ್. ಬ್ಯಾಟರಿ ಕೂತರೆ ಎರಡು ದಾರಿ: ಹ್ಯಾಂಡಲ್ ಹೊಡೀಬೇಕು, ಇಲ್ಲಾ ನಾಲ್ಕು ಜನ ಸೇರಿ ತಳ್ಳಬೇಕು. ಆಗ ಕಾರ್ಬ್ಯುರೇಟರ್ ಇತ್ತು. ಕಾರು ನಿಂತಾಗ ಅದರ ಬಟ್ಟಲಿನಲ್ಲಿದ್ದ ಪೆಟ್ರೋಲು ಆವಿಯಾಗಿ ಅಂಟು ಉಳಿಯೋದು, ಸಣ್ಣ ರಂಧ್ರ ಕಟ್ಟಿಕೊಳ್ಳೋದು. "ವಾರಕ್ಕೊಂದು ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡಿ" ಅನ್ನೋ ಮೆಕ್ಯಾನಿಕ್ ಮಾತಿಗೆ ಆ ಕಾಲದಲ್ಲಿ ಅರ್ಥ ಇತ್ತು. ಹೊಸ ಪೆಟ್ರೋಲು ಹರಿದು ಕಾರ್ಬ್ಯುರೇಟರ್ ತೊಳೆದ ಹಾಗೆ ಆಗೋದು. ಕಾರ್ಬ್ಯುರೇಟರ್ ಹೋದರೂ ಆ ಮಾತು ಉಳಕೊಂಡಿದೆ.

ಕಾರ್ಬ್ಯುರೇಟರ್ ಹೋಗಿದ್ದು ಹೊಗೆಯ ದೆಸೆಯಿಂದ. 1999ರಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಹೊಸ ಕಾರುಗಳಿಗೆ ಯೂರೋ ಮಾನದಂಡ ಕಡ್ಡಾಯ ಮಾಡಿತು. ಮುಂದೆ ದೇಶದ ಬೇರೆ ಕಡೆಗೂ ನಿಯಮ ಬಿಗಿಯಾಯಿತು. ಪೆಟ್ರೋಲನ್ನು ಲೆಕ್ಕ ಹಾಕಿ ಸಿಂಪಡಿಸುವ ಫ್ಯೂಯೆಲ್ ಇಂಜೆಕ್ಷನ್ ಬಂತು, ಅದನ್ನು ಆಳುವ ಕಂಪ್ಯೂಟರ್ ಬಂತು. ನಿಂತ ಕಾರಿಗೆ ಇದರಿಂದ ಅನುಕೂಲವೇ ಆಯ್ತು ಅನ್ನಬೇಕು. ಮುಚ್ಚಿದ ಟ್ಯಾಂಕು, ಮುಚ್ಚಿದ ಕೊಳವೆಗಳಲ್ಲಿ ಪೆಟ್ರೋಲು ಮೊದಲಿನಷ್ಟು ಬೇಗ ಆವಿಯಾಗಲ್ಲ. ಈಗಿನ ಎಂಜಿನ್ ಆಯಿಲ್ಲು ಕೂಡ ಲೋಹಕ್ಕೆ ಅಂಟಿಕೊಂಡಿರುತ್ತೆ. ಒಂದೆರಡು ತಿಂಗಳು ನಿಂತಿತು ಅಂತ ಎಂಜಿನ್ ಹಾಳಾಗೋದು ಅಪರೂಪ.

ಆದರೆ ಒಂದು ನಷ್ಟವೂ ಆಯ್ತು, ಅದನ್ನ ಯಾರೂ ಹೆಚ್ಚು ಗಮನಿಸಲಿಲ್ಲ. ಇಂಜೆಕ್ಷನ್ ಕಾರಿನಲ್ಲಿ ಪೆಟ್ರೋಲು ಬರಬೇಕಾದರೂ ವಿದ್ಯುತ್ ಪಂಪು ಓಡಬೇಕು, ಕಿಡಿ ಹಾರಬೇಕಾದರೂ ಕಂಪ್ಯೂಟರ್ ಎಚ್ಚರ ಆಗಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಊರಿಗೆ ಊರೇ ಬಂದು ತಳ್ಳಿದರೂ ಸ್ಟಾರ್ಟ್ ಆಗಲ್ಲ. ಆಟೋಮ್ಯಾಟಿಕ್ ಗೇರಿನ ಕಾರಾದರೆ ತಳ್ಳೋ ಪ್ರಶ್ನೆಯೇ ಇಲ್ಲ. ತೋಳು ಹೋದ ಮೇಲೆ ಹೆಗಲು ಇತ್ತು. ಈಗ ಹೆಗಲೂ ಹೋಯ್ತು.

ಜೊತೆಗೆ ಇನ್ನೊಂದು ಬದಲಾವಣೆ. 1986ರಲ್ಲಿ ಬಾಷ್ ಕಂಪನಿ, ಕಾರಿನೊಳಗಿನ ಪುಟ್ಟ ಕಂಪ್ಯೂಟರ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಕ್ಯಾನ್ ಬಸ್ ವ್ಯವಸ್ಥೆಯನ್ನು ಹೊರತಂದಿತು. ಇವತ್ತು ಬಾಗಿಲಿಗೊಂದು, ಏರ್‌ಬ್ಯಾಗಿಗೊಂದು, ಬ್ರೇಕಿಗೊಂದು ಕಂಪ್ಯೂಟರ್ ಇದೆ. ನೀವು ಕೀ ತೆಗೆದು ಹೋದ ಮೇಲೂ ಇವುಗಳಲ್ಲಿ ಕೆಲವು ಅರೆನಿದ್ದೆಯಲ್ಲಿ ಇರುತ್ತವೆ. ರಿಮೋಟು ಕೂಗುತ್ತಾ ಅಂತ ಕಿವಿಗೊಟ್ಟಿರುತ್ತವೆ, ಕಳ್ಳ ಬಂದನಾ ಅಂತ ಕಾಯುತ್ತವೆ. ಅಂದರೆ ಈಗಿನ ಕಾರು ಪೂರ್ತಿ ಆಫ್ ಆಗೋದೇ ಇಲ್ಲ.

ಒಂದು ಲೆಕ್ಕ ಹಾಕೋಣ. ನಿಂತ ಕಾರು 30 ಮಿಲಿಆಂಪಿಯರ್ ಎಳೆಯುತ್ತೆ ಅಂತಿಟ್ಟುಕೊಳ್ಳಿ, ಇದು ಸಹಜ ಮಟ್ಟವೇ. ದಿನಕ್ಕೆ 0.72 ಆಂಪಿಯರ್ ಅವರ್. 30 ದಿನಕ್ಕೆ 21.6. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್ ಅಂದರೆ ಒಂದು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಇದು ಹೊಸ ಬ್ಯಾಟರಿಯ ಲೆಕ್ಕ. ನಾಲ್ಕು ವರ್ಷದ ಬ್ಯಾಟರಿ, ಮೇಲೊಂದು ಡ್ಯಾಶ್‌ಕ್ಯಾಮ್ ಹಾಕಿಸಿದ್ದೀರಿ ಅಂದರೆ ಎರಡು ವಾರವೂ ಕಷ್ಟ.

ಈ ಲೆಕ್ಕ ಇಡೀ ದೇಶಕ್ಕೆ ಒಟ್ಟಿಗೇ ಅರ್ಥವಾಗಿದ್ದು 2020ರಲ್ಲಿ. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಯ್ತು. ಮೊದಲು 21 ದಿನ ಅಂದರು, ಆಮೇಲೆ ಅದು ಮೇ ಕೊನೆಯವರೆಗೆ ಹೋಯ್ತು. ಅಷ್ಟು ಕಾರುಗಳು ಒಂದೇ ಸಮಯಕ್ಕೆ ಅಷ್ಟು ದಿನ ನಿಂತಿದ್ದು ಅದಕ್ಕೆ ಮುಂಚೆ ಎಂದೂ ಇಲ್ಲ. ಎಂಜಿನ್‌ಗಳು ಚೆನ್ನಾಗೇ ಇದ್ದವು, ಬ್ಯಾಟರಿ ಕೂತಿದ್ದವು. ಹ್ಯಾಂಡ್‌ಬ್ರೇಕ್ ಎಳೆದಿಟ್ಟ ಕಾರುಗಳ ಹಿಂದಿನ ಬ್ರೇಕು ಡ್ರಮ್ಮಿಗೆ ಕಚ್ಚಿಕೊಂಡಿದ್ದವು. ಬಾನೆಟ್ ಎತ್ತಿದರೆ ಇಲಿ ಸಂಸಾರ. ಇಲಿ ಹೆಗ್ಗಣಗಳ ಹಲ್ಲು ಸದಾ ಬೆಳೀತಾ ಇರುತ್ತೆ, ಸವೆಸೋಕೆ ಏನಾದರೂ ಕಡೀತಾನೇ ಇರಬೇಕು. ಹಳೇ ಕಾರಿನಲ್ಲಿ ಕಡಿಯೋಕೆ ನಾಲ್ಕು ವೈರು. ಈಗ ವೈರಿನ ಕಾಡೇ ಇದೆ.

ಪೆಟ್ರೋಲಿನ ಕಥೆಯೂ ಬದಲಾಯ್ತು. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಅಂದರೆ ನೂರು ಲೀಟರಿನಲ್ಲಿ 20 ಲೀಟರ್ ಎಥನಾಲ್. ಎಥನಾಲ್‌ಗೆ ತೇವ ಹೀರುವ ಗುಣ. ಟ್ಯಾಂಕಿಗೆ ನೀರಿನಂಶ ಹೆಚ್ಚು ಸೇರಿದರೆ ಎಥನಾಲ್ ನೀರಿನ ಜೊತೆ ಕೂಡಿ ತಳಕ್ಕಿಳಿಯುತ್ತೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿಟ್ಟು ನಾಲ್ಕೈದು ತಿಂಗಳು ಬಿಡೋದು ಒಳ್ಳೇದಲ್ಲ. ಹೆಚ್ಚು ದಿನ ನಿಲ್ಲಿಸೋದಾದರೆ ಟ್ಯಾಂಕು ಬಹುಪಾಲು ತುಂಬಿಸಿ ಬಿಡಿ. ಒಳಗೆ ಗಾಳಿ ಕಡಿಮೆ, ತೇವವೂ ಕಡಿಮೆ.

ಎಲೆಕ್ಟ್ರಿಕ್ ಕಾರಿಗೆ ಈ ತಾಪತ್ರಯ ಇಲ್ಲ ಅಂದುಕೊಂಡಿದ್ದರೆ, ಅದರಲ್ಲೂ ಒಂದು 12 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತೆ. ದೊಡ್ಡ ಬ್ಯಾಟರಿಯ ಬಾಗಿಲು ತೆಗೆಯೋದು ಅದೇ. ಅದು ಕೂತರೆ ಹೊಟ್ಟೆ ತುಂಬ ಚಾರ್ಜ್ ಇದ್ದರೂ ಕಾರು ಅಲ್ಲಾಡಲ್ಲ.

ಹಾಗಾದರೆ ಏನು ಮಾಡಬೇಕು? ಎರಡು ವಾರ ನಿಂತರೆ ಸುಸ್ಥಿತಿಯ ಕಾರಿಗೆ ಏನೂ ಆಗಲ್ಲ, ಸುಮ್ಮನೆ ಇರಿ. ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸೋ ಪದ್ಧತಿ ಬಿಡಿ. ಸ್ಟಾರ್ಟರ್ ಎಳೆದುಕೊಂಡಿದ್ದನ್ನು ತುಂಬಿ ಮೇಲೊಂದಿಷ್ಟು ಸೇರಿಸೋ ಹೊತ್ತಿಗೆ ನೀವು ಆಫ್ ಮಾಡಿರ್ತೀರಿ. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ, ಆಯಿಲ್ಲಿನಲ್ಲಿ ನೀರು ಉಳಿಯುತ್ತೆ. ಅದರ ಬದಲು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ. ಬ್ಯಾಟರಿ ತುಂಬುತ್ತೆ, ಡಿಸ್ಕಿನ ತುಕ್ಕು ಹೋಗುತ್ತೆ, ಟೈರು ಒಂದೇ ಜಾಗದ ಮೇಲೆ ಕೂರಲ್ಲ, ಇಲಿಗೂ ನೆಮ್ಮದಿ ಇರಲ್ಲ.

ವಿದೇಶಕ್ಕೆ ಹೊರಟಿದ್ದೀರಿ, ಮೂರು ತಿಂಗಳು ಯಾರೂ ಮುಟ್ಟಲ್ಲ ಅಂದರೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ. ಟೈರಿಗೆ ಗಾಳಿ ಸರಿಯಾಗಿ ತುಂಬಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತೆ. 2320 ಅಂದರೆ 2020ರ 23ನೇ ವಾರ ತಯಾರಾದದ್ದು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತೆ. ಆಯಿಲ್ಲನ್ನೂ ಕಿಲೋಮೀಟರ್ ನೋಡದೆ ವರ್ಷಕ್ಕೊಮ್ಮೆ ಬದಲಿಸಿ.

ಆದರೆ ಆಪತ್ತಿಗೆ ಅಂತ ಇಟ್ಟ ಕಾರಿಗೆ ಈ ಸಲಹೆ ಒಪ್ಪಲ್ಲ. ರಾತ್ರಿ ಎರಡು ಗಂಟೆಗೆ ಸ್ಪ್ಯಾನರ್ ಹುಡುಕೋಕೆ ಆಗಲ್ಲ. ಅದರ ಬ್ಯಾಟರಿ ಸದಾ ಸಿದ್ಧ ಇರಬೇಕು. ಬಹುಪಾಲು ಕಾರುಗಳಲ್ಲಿ, ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಮೀಟರ್ ಹಿಡಿದರೆ 12.6 ವೋಲ್ಟಿನ ಆಸುಪಾಸು ಇದ್ದರೆ ತುಂಬಿದೆ, 12ಕ್ಕೆ ಇಳಿದಿದ್ದರೆ ಹೆಚ್ಚುಕಮ್ಮಿ ಖಾಲಿ. ಮನೆಯಲ್ಲಿ ಒಂದು ಜಂಪ್ ಕೇಬಲ್ ಇರಲಿ. ಬ್ಯಾಟರಿ ಸತ್ತಾಗ ರಿಮೋಟ್ ಕೆಲಸ ಮಾಡಲ್ಲ. ಹಲವು ರಿಮೋಟ್‌ಗಳ ಹೊಟ್ಟೆಯಲ್ಲೇ ಒಂದು ಲೋಹದ ಕೀ ಇರುತ್ತೆ, ಅದನ್ನ ತೆಗೆಯೋದು ಹೇಗೆ ಅಂತ ಅಪ್ಪನಿಗೆ, ಅಮ್ಮನಿಗೆ ಹಗಲಲ್ಲೇ ತೋರಿಸಿಕೊಡಿ.

ಇದೆಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಆ ಕಾರು ಓಡಿಸೋಕೆ ಊರಲ್ಲಿ ಒಬ್ಬರನ್ನ ಗೊತ್ತು ಮಾಡಿ. ಪಕ್ಕದ ಮನೆಯ ಹುಡುಗನಿಗೆ ಪೆಟ್ರೋಲಿನ ದುಡ್ಡು ಕೊಟ್ಟು, "ಭಾನುವಾರ ನಮ್ಮಮ್ಮನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಬಾರಪ್ಪ" ಅಂದರೆ ಕಾರಿಗೂ ಓಡಾಟ ಆಯ್ತು, ಅಮ್ಮನಿಗೂ ಆಯ್ತು. 1912ರಲ್ಲಿ ಕಾರಿಗೆ ಮನುಷ್ಯನ ತೋಳು ಬೇಡ ಆಯ್ತು ನಿಜ. ಮನುಷ್ಯ ಬೇಡ ಅಂತ ಆಗಲಿಲ್ಲ.