ಸ್ಯಾಂಟೊರಿನಿ ವೈನ್

ಗ್ರೀಸಿನ ಈಜಿಯನ್ ಸಮುದ್ರದಲ್ಲಿರುವ ಸ್ಯಾಂಟೊರಿನಿ (ಥೀರಾ) ದ್ವೀಪದ ಬಿಳಿ ವೈನ್. ಮುಖ್ಯ ದ್ರಾಕ್ಷಿ ತಳಿ ಅಸಿರ್ಟಿಕೊ. ಅಥೀರಿ, ಐದಾನಿ ತಳಿಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸುವುದುಂಟು. 1971ರಿಂದ ಈ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಬಿಸಿಲು ಸೀಮೆಯ ದ್ರಾಕ್ಷಿ ಮಾಗುತ್ತ ಹೋದಂತೆ ಹುಳಿ ಕಳೆದುಕೊಳ್ಳುವುದು ಸಾಮಾನ್ಯ. ಅಸಿರ್ಟಿಕೊ ಪೂರ್ತಿ ಸಿಹಿಯಾದ ಮೇಲೂ ಹುಳಿ ಉಳಿಸಿಕೊಳ್ಳುತ್ತದೆ. ಈ ವೈನಿನ ಖ್ಯಾತಿಗೆ ಅದೇ ಮುಖ್ಯ ಕಾರಣ.

ಮಣ್ಣು

ಕ್ರಿ.ಪೂ. 1600ರ ಆಸುಪಾಸಿನ (ಕಾಲದ ಬಗ್ಗೆ ಒಮ್ಮತವಿಲ್ಲ) ಮಹಾಸ್ಫೋಟ ದ್ವೀಪದ ಮೇಲೆ ಬೂದಿ ಮತ್ತು ಪ್ಯೂಮಿಸ್ ಕಲ್ಲಿನ ದಪ್ಪ ಪದರ ಹಾಸಿತು. ಈ ಮಣ್ಣಿನಲ್ಲಿ ಜೇಡಿ, ಸಾವಯವ ಅಂಶ, ಪೊಟ್ಯಾಸಿಯಂ ಮೂರೂ ಕಡಿಮೆ. ರಸದಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೆ ಟಾರ್ಟಾರಿಕ್ ಆಮ್ಲ ಹರಳುಗಟ್ಟಿ ಹುಳಿ ಇಳಿಯುತ್ತದೆ. ಇಲ್ಲಿ ಅದು ಅಷ್ಟಾಗಿ ನಡೆಯದು. ವೈನಿನ ಉಪ್ಪುಪ್ಪು ರುಚಿ ನೇರವಾಗಿ ಲಾವಾ ನೆಲದಿಂದ ಬಂದದ್ದೆಂಬ ಮಾತು ಜನಪ್ರಿಯ. ಅದಕ್ಕೆ ಗಟ್ಟಿ ಆಧಾರವಿಲ್ಲ. ತೀಕ್ಷ್ಣ ಹುಳಿಯೇ ಹಾಗೆ ಅನ್ನಿಸುವಂತೆ ಮಾಡುತ್ತಿರಬಹುದು.

19ನೆಯ ಶತಮಾನದಲ್ಲಿ ಯುರೋಪಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿದ ಫಿಲಾಕ್ಸೆರ ಎಂಬ ಬೇರುಕೀಟ ಈ ಮಣ್ಣಿನಲ್ಲಿ ನೆಲೆಯೂರಲಿಲ್ಲ. ಆದ್ದರಿಂದ ಇಲ್ಲಿನ ಬಳ್ಳಿಗಳಿಗೆ ಕಸಿಯ ಹಂಗಿಲ್ಲ, ಅವು ಸ್ವಂತ ಬೇರಿನ ಮೇಲೇ ನಿಂತಿವೆ.

ಬುಟ್ಟಿಬಳ್ಳಿ

ದ್ವೀಪದ ಬೇಸಾಯದಲ್ಲಿ ಅತ್ಯಂತ ಗಮನಾರ್ಹವಾದುದು ‘ಕುಲೂರ’ ಪದ್ಧತಿ. ಇದರಲ್ಲಿ ಚಪ್ಪರವಿಲ್ಲ, ತಂತಿಯಿಲ್ಲ. ಚಳಿಗಾಲದಲ್ಲಿ ಚಾಟನಿ ಮಾಡುವಾಗ ಕೆಲವು ಉದ್ದ ಕಡ್ಡಿಗಳನ್ನು ಉಳಿಸಿ, ಹಳೆಯ ಸುತ್ತಿನ ಮೇಲೆ ಹೊಸದನ್ನು ಬಾಗಿಸಿ ಹೆಣೆಯುತ್ತಾರೆ. ವರ್ಷ ವರ್ಷವೂ ಸುತ್ತು ಸೇರಿ, ನೆಲಕ್ಕಂಟಿದ ಬುಟ್ಟಿಯೊಂದು ರೂಪುಗೊಳ್ಳುತ್ತದೆ. ಗೊಂಚಲುಗಳು ಬುಟ್ಟಿಯ ಒಳಮೈಯಲ್ಲಿ ಜೋತುಬೀಳುತ್ತವೆ, ಮೇಲೆ ಎಲೆ ಮುಚ್ಚಿಕೊಳ್ಳುತ್ತದೆ. ಬೇಸಗೆಯಲ್ಲಿ ಉತ್ತರದಿಂದ ಮರಳು ಹೊತ್ತು ಬೀಸುವ ಮೆಲ್ಟೆಮಿ ಗಾಳಿಯಿಂದಲೂ ಬಿಸಿಲಿನಿಂದಲೂ ಕಾಯಿಗೆ ಇದೇ ರಕ್ಷಣೆ. ಮಳೆ ಅತ್ಯಲ್ಪ, ಬೇಸಗೆಯಲ್ಲಂತೂ ಇಲ್ಲವೆನ್ನಬೇಕು. ಸಮುದ್ರದಿಂದ ಬರುವ ರಾತ್ರಿಯ ತೇವವನ್ನು ಪ್ಯೂಮಿಸ್ ಹೀರಿಟ್ಟುಕೊಂಡು ಬೇರಿಗೆ ಒದಗಿಸುತ್ತದೆ.

ದಶಕಗಳು ಕಳೆದಂತೆ ಸುತ್ತಿದ ಕಾಂಡದ ಉದ್ದ ಬೆಳೆದು, ನೀರು ಚಿಗುರಿಗೆ ಸಾಗುವ ದಾರಿ ದೂರವಾಗಿ, ಫಸಲು ಇಳಿಯುತ್ತದೆ. ಆಗ ಇಡೀ ಬುಟ್ಟಿಯನ್ನು ಬುಡದಲ್ಲಿ ಕತ್ತರಿಸುತ್ತಾರೆ. ಅದೇ ಬೇರಿನಿಂದ ಹೊಸ ಚಿಗುರು ಬಂದು ಮತ್ತೊಂದು ಬುಟ್ಟಿ ಆರಂಭವಾಗುತ್ತದೆ. ಹೀಗೆ ಹಲವು ಸಲ ಮರುಹುಟ್ಟು ಪಡೆದ ಬೇರುಗಳಿಗೆ ಶತಮಾನಗಳ ವಯಸ್ಸು ಹೇಳುವುದುಂಟು. ಕಾಂಡ ಹೋಗಿ ಬೇರಷ್ಟೇ ಉಳಿದಿರುವುದರಿಂದ ಈ ಲೆಕ್ಕವನ್ನು ಅಂದಾಜೆಂದೇ ತಿಳಿಯಬೇಕು. ಯಂತ್ರ ನುಗ್ಗಲಾರದ ತೋಟವಾದ್ದರಿಂದ ಚಾಟನಿ, ಕೊಯ್ಲು ಎಲ್ಲವೂ ಬಗ್ಗಿ ಕೈಯಲ್ಲೇ ಮಾಡುವ ಕೆಲಸ.

ಇತಿಹಾಸ, ಬಗೆಗಳು

ಹಿಂದೆ ಹೊರನಾಡಿಗೆ ಹೋಗುತ್ತಿದ್ದುದು ಮುಖ್ಯವಾಗಿ ಬಿಸಿಲಲ್ಲಿ ಒಣಗಿಸಿದ ದ್ರಾಕ್ಷಿಯ ಸಿಹಿ ವೈನ್ ವಿನ್‌ಸಾಂಟೊ. ರಷ್ಯಾದ ಆರ್ಥಡಾಕ್ಸ್ ಚರ್ಚುಗಳು ಅದರ ದೊಡ್ಡ ಗಿರಾಕಿಗಳಾಗಿದ್ದವು. 1956ರ ಭೂಕಂಪದ ತರುವಾಯ ಅನೇಕರು ದ್ವೀಪ ಬಿಟ್ಟರು. 1980ರ ದಶಕದ ಕೊನೆಗೆ ಬುಟಾರಿ ಸಂಸ್ಥೆ ಇಲ್ಲಿ ಆಧುನಿಕ ವೈನರಿ ಕಟ್ಟಿತು. ತಂಪಾಗಿಟ್ಟ ಉಕ್ಕಿನ ತೊಟ್ಟಿಯಲ್ಲಿ ಹುದುಗಿಸಿದ ಈಗಿನ ತಿಳಿ ವೈನ್ ಅಲ್ಲಿಂದೀಚೆಗೆ ಪ್ರಚಾರಕ್ಕೆ ಬಂತು. ರಾತ್ರಿ ಹಿಂಡುವ ರೂಢಿಯಿದ್ದ ನಿಕ್ಟೆರಿ ಇನ್ನೊಂದು ಬಗೆ. ಇದರಲ್ಲಿ ಮದ್ಯಾಂಶ ಹೆಚ್ಚು, ಪೀಪಾಯಿಯಲ್ಲಿ ಇಡುವುದು ಕಡ್ಡಾಯ.

ಜೊತೆಯ ಆಹಾರ

ಹುಳಿ ಮುಂದಾದ ವೈನ್ ಎಣ್ಣೆ, ಉಪ್ಪು, ಕೊಬ್ಬನ್ನು ತಡೆದುಕೊಳ್ಳುತ್ತದೆ. ದ್ವೀಪದ ಅಡುಗೆಯೂ ಹಾಗೆಯೇ ಇದೆ. ಕೆಂಡದಲ್ಲಿ ಸುಟ್ಟ ಆಕ್ಟೋಪಸ್, ನಿಂಬೆ ಹಿಂಡಿದ ಮೀನು ಮೊದಲ ಆಯ್ಕೆ. ಇಲ್ಲಿನ ‘ಫಾವ’ ನಮ್ಮ ಕೇಸರಿ ಬೇಳೆಯ ಕುಲಕ್ಕೇ ಸೇರಿದ ಕಾಳು. ಅದನ್ನು ತೊವ್ವೆಯಂತೆ ನುಣ್ಣಗೆ ಬೇಯಿಸಿ ಆಲಿವ್ ಎಣ್ಣೆ, ಹಸಿ ಈರುಳ್ಳಿ, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು ಹಾಕುತ್ತಾರೆ. ನೀರುಣಿಸದೆ ಬೆಳೆದ ಸಣ್ಣ ಟೊಮೇಟೊಗಳನ್ನು ಪುದೀನ, ಈರುಳ್ಳಿ, ಹಿಟ್ಟಿನೊಂದಿಗೆ ಕಲಸಿ ಕರಿಯುವ ತೊಮಾಟೊಕೆಫ್ಟೆಡೆಸ್‌ಗೂ ಈ ವೈನ್ ಒಗ್ಗುತ್ತದೆ: ಟೊಮೇಟೊದ ಹುಳಿಯೆದುರು ಮೆದು ವೈನ್‌ಗಳು ಸಪ್ಪೆಯಾಗುತ್ತವೆ, ಇದು ಆಗದು. ನಿಕ್ಟೆರಿ ಕೋಳಿ, ಹಂದಿ ಮಾಂಸಕ್ಕೆ ಹೊಂದುತ್ತದೆ. ವಿನ್‌ಸಾಂಟೊಗೆ ಗಡುಸಾದ ಹಳೆಯ ಚೀಸ್ ಸಾಕು. ತಿಳಿ ವೈನನ್ನು ಅತಿಯಾಗಿ ತಣಿಸಿದರೆ ಪರಿಮಳ ಮುಚ್ಚಿಹೋಗಿ ಹುಳಿಯೊಂದೇ ಉಳಿಯುತ್ತದೆ. 10–12 ಡಿಗ್ರಿ ಸೆಲ್ಸಿಯಸ್ ಸೂಕ್ತ.

ಇಂದಿನ ಸ್ಥಿತಿ

ಪ್ರವಾಸೋದ್ಯಮದಿಂದ ಜಮೀನಿನ ಬೆಲೆ ಏರಿ ತೋಟಗಳು ಕರಗುತ್ತಿವೆ. ಉತ್ತರ ಗ್ರೀಸ್, ಆಸ್ಟ್ರೇಲಿಯದ ಕ್ಲೇರ್ ಕಣಿವೆ ಮೊದಲಾದೆಡೆ ಅಸಿರ್ಟಿಕೊ ಬೆಳೆಯುತ್ತಿದ್ದಾರೆ. ಆ ವೈನುಗಳಿಗೆ ತಳಿಯ ಹೆಸರು ಸಲ್ಲುತ್ತದೆ, ದ್ವೀಪದ ಹೆಸರು ಸಲ್ಲದು.