ರಸ್ತೆ ಅಪಘಾತ ಪರಿಹಾರ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಗಂಗಾವತಿ ತಾಲ್ಲೂಕಿನ ಶ್ರೀರಾಮನಗರ ಹಾಗೂ ಸುತ್ತಲಿನ ಕ್ಯಾಂಪುಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ ಪ್ರದೇಶಕ್ಕೆ ಸೇರಿವೆ. ಭತ್ತದ ನಾಟಿ ಮತ್ತು ಕಟಾವಿನ ದಿನಗಳಲ್ಲಿ ಇಲ್ಲಿನ ರಸ್ತೆಗಳಲ್ಲಿ ಟ್ರ್ಯಾಕ್ಟರ್, ಲಾರಿ ಹಾಗೂ ದ್ವಿಚಕ್ರ ವಾಹನಗಳು ಒಟ್ಟಾಗಿ ಸಂಚರಿಸುತ್ತವೆ. ಅಪಘಾತದಲ್ಲಿ ದುಡಿಯುವ ವ್ಯಕ್ತಿ ಮೃತಪಟ್ಟರೆ ಅಥವಾ ಅಂಗವಿಕಲರಾದರೆ ಇಡೀ ಕುಟುಂಬದ ಆದಾಯ ನಿಂತುಹೋಗುತ್ತದೆ. ಇಂತಹ ಕುಟುಂಬಕ್ಕೆ ಪರಿಹಾರ ಪಡೆಯುವ ಹಕ್ಕನ್ನು ಮೋಟಾರು ವಾಹನಗಳ ಕಾಯ್ದೆ, 1988 ನೀಡಿದೆ. ಠಾಣೆಯಲ್ಲಿ ದೂರು ದಾಖಲಾದರೆ ಪರಿಹಾರ ತಾನಾಗಿಯೇ ದೊರೆಯುವುದೆಂದು ಭಾವಿಸಿ ಸುಮ್ಮನಿರುವುದು ಸರಿಯಲ್ಲ.

1. ಎರಡು ಪ್ರತ್ಯೇಕ ಪ್ರಕರಣಗಳು

ಪೊಲೀಸರು ದಾಖಲಿಸುವ ಕ್ರಿಮಿನಲ್ ಪ್ರಕರಣದ ಉದ್ದೇಶ ತಪ್ಪಿತಸ್ಥ ಚಾಲಕನಿಗೆ ಶಿಕ್ಷೆ ವಿಧಿಸುವುದು. ಪರಿಹಾರದ ಪ್ರಕರಣವು ಸಿವಿಲ್ ಸ್ವರೂಪದ್ದಾಗಿದ್ದು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ನಡೆಯುತ್ತದೆ. ಕ್ರಿಮಿನಲ್ ಪ್ರಕರಣದಲ್ಲಿ ಚಾಲಕನು ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಹಕ್ಕು ಕಳೆದುಹೋಗುವುದಿಲ್ಲ. 2022ರ ನಿಯಮಗಳಂತೆ ತನಿಖಾಧಿಕಾರಿಯು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳೊಳಗೆ ಹಾಗೂ ವಿವರವಾದ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಸಲ್ಲಿಸಬೇಕು. ಈ ವರದಿಯನ್ನೇ ಅರ್ಜಿಯಾಗಿ ಪರಿಗಣಿಸಲು ಅವಕಾಶವಿದ್ದರೂ ಕುಟುಂಬದವರು ತಾವೇ ಅರ್ಜಿ ಸಲ್ಲಿಸುವುದು ಸುರಕ್ಷಿತ.

2. ಅರ್ಜಿ ಯಾರು, ಎಲ್ಲಿ, ಯಾವಾಗ ಸಲ್ಲಿಸಬೇಕು?

ಗಾಯಾಳು ಅಥವಾ ಮೃತರ ವಾರಸುದಾರರು ಅರ್ಜಿ ಸಲ್ಲಿಸಬಹುದು. ಅಪಘಾತ ನಡೆದ ಸ್ಥಳದ ನ್ಯಾಯಮಂಡಳಿಯಲ್ಲಿಯೇ ಸಲ್ಲಿಸಬೇಕೆಂಬ ನಿರ್ಬಂಧವಿಲ್ಲ. ಹೈದರಾಬಾದಿನಲ್ಲಿ ಅಪಘಾತಕ್ಕೀಡಾದ ಕೂಲಿಕಾರರು ತಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯನ್ನೂ ಆಶ್ರಯಿಸಬಹುದು.

1-4-2022ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತ ನಡೆದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಕಾಲಮಿತಿಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ, ವಿಳಂಬದ ಕಾರಣಕ್ಕೆ ಅರ್ಜಿಗಳನ್ನು ವಜಾಗೊಳಿಸಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿದೆ. ಆದುದರಿಂದ ತಡವಾಯಿತೆಂದು ಹಕ್ಕನ್ನು ಕೈಬಿಡಬಾರದು. ಆದೇಶವನ್ನು ನಂಬಿ ವಿಳಂಬ ಮಾಡಲೂಬಾರದು.

3. ಸಂಗ್ರಹಿಸಿಡಬೇಕಾದ ದಾಖಲೆಗಳು

* ಪ್ರಥಮ ವರ್ತಮಾನ ವರದಿ, ಸ್ಥಳ ಪಂಚನಾಮೆ, ದೋಷಾರೋಪಣ ಪಟ್ಟಿ
* ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷಾ ವರದಿ
* ಆಸ್ಪತ್ರೆಯ ಬಿಡುಗಡೆ ಪತ್ರ, ಔಷಧ ಹಾಗೂ ಪ್ರಯಾಣದ ಮೂಲ ರಸೀದಿಗಳು
* ವಯಸ್ಸು ಮತ್ತು ಆದಾಯದ ಪುರಾವೆ
* ವಾಹನದ ನೋಂದಣಿ ಹಾಗೂ ವಿಮೆಯ ವಿವರ

4. ಪರಿಹಾರದ ಲೆಕ್ಕ

ಮೃತರ ಆದಾಯ, ವಯಸ್ಸು ಮತ್ತು ಅವಲಂಬಿತರ ಸಂಖ್ಯೆಯನ್ನು ಆಧರಿಸಿ ಪರಿಹಾರ ನಿಗದಿಯಾಗುತ್ತದೆ. ಇದರ ಕ್ರಮವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಹಾಗೂ 2017ರ ಪ್ರಣಯ್ ಸೇಥಿ ತೀರ್ಪುಗಳಲ್ಲಿ ವಿವರಿಸಿದೆ. ಉದಾಹರಣೆಗೆ, ಮಾಸಿಕ ರೂ. 12,000 ದುಡಿಯುತ್ತಿದ್ದ 35 ವರ್ಷದ ಸ್ವಂತ ಉದ್ಯೋಗಿಗೆ ನಾಲ್ವರು ಅವಲಂಬಿತರಿದ್ದರೆಂದು ಭಾವಿಸೋಣ. ಮುಂದಿನ ದಿನಗಳಲ್ಲಿ ಹೆಚ್ಚಬಹುದಾಗಿದ್ದ ಆದಾಯಕ್ಕಾಗಿ ಶೇ. 40 ಸೇರಿಸಿದರೆ ರೂ. 16,800, ವರ್ಷಕ್ಕೆ ರೂ. 2,01,600. ಇದರಲ್ಲಿ ಮೃತರ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದರೆ ರೂ. 1,51,200 ಉಳಿಯುತ್ತದೆ. 31ರಿಂದ 35 ವಯೋಮಾನಕ್ಕೆ ನಿಗದಿಯಾದ ಗುಣಕ 16ರಿಂದ ಗುಣಿಸಿದರೆ ಅವಲಂಬನೆಯ ನಷ್ಟ ರೂ. 24,19,200 ಆಗುತ್ತದೆ. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು ಇದಕ್ಕೆ ಸೇರುತ್ತವೆ.

ಗಾಯಾಳುಗಳ ಪ್ರಕರಣದಲ್ಲಿ ವೈದ್ಯರು ಸೂಚಿಸಿದ ಅಂಗವೈಕಲ್ಯದ ಪ್ರಮಾಣವೊಂದೇ ಅಂತಿಮವಲ್ಲ. ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂಬುದು ಮುಖ್ಯ. ಕಾಲಿನ ಬಲ ಕಳೆದುಕೊಂಡ ಅಕ್ಕಿ ಗಿರಣಿಯ ಹಮಾಲರಿಗೂ ಕುಳಿತು ಲೆಕ್ಕ ಬರೆಯುವ ಗುಮಾಸ್ತರಿಗೂ ಆಗುವ ನಷ್ಟ ಒಂದೇ ಆಗಿರುವುದಿಲ್ಲ.

ಚಾಲಕನ ತಪ್ಪನ್ನು ಸಾಬೀತುಪಡಿಸುವ ಅಗತ್ಯವಿಲ್ಲದೆ, ಕಲಂ 164ರ ಅಡಿಯಲ್ಲಿ ಮರಣಕ್ಕೆ ರೂ. 5 ಲಕ್ಷ, ತೀವ್ರ ಗಾಯಕ್ಕೆ ರೂ. 2.5 ಲಕ್ಷ ಕೋರಲು ಅವಕಾಶವಿದೆ.

5. ಟ್ರೇಲರ್ ಹಾಗೂ ಸರಕು ವಾಹನದಲ್ಲಿ ಪ್ರಯಾಣ

ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋಗುವವರಿಗೆ ವಿಮಾ ಕಂಪನಿಯು ಹೊಣೆಯಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ನೀಡಿದೆ. ಸರಕಿನ ಮಾಲೀಕರು ಅಥವಾ ಅವರ ಪ್ರತಿನಿಧಿಗೆ ಮಾತ್ರ ವಿನಾಯಿತಿಯಿದೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂಲಿಗೆ ತೆರಳುವವರ ಪ್ರಕರಣಗಳಲ್ಲಿಯೂ ವಿಮಾ ಕಂಪನಿಗಳು ಇಂತಹ ತಕರಾರು ಎತ್ತುತ್ತವೆ. ಆಗ ಹೊಣೆ ವಾಹನದ ಮಾಲೀಕರ ಮೇಲೆಯೇ ಉಳಿಯುತ್ತದೆ. ಮಾಲೀಕರಲ್ಲಿ ಹಣವಿಲ್ಲದಿದ್ದರೆ ಆದೇಶವಾದರೂ ವಸೂಲಿ ಕಷ್ಟವಾಗುತ್ತದೆ. ಕೂಲಿಕಾರರು ಮತ್ತು ಮಾಲೀಕರು ಇಬ್ಬರೂ ಇದನ್ನು ಗಮನದಲ್ಲಿಡಬೇಕು.

6. ವಾಹನ ಪತ್ತೆಯಾಗದಿದ್ದಲ್ಲಿ

ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ, 2022ರ ಯೋಜನೆಯಂತೆ ಮರಣಕ್ಕೆ ರೂ. 2 ಲಕ್ಷ, ತೀವ್ರ ಗಾಯಕ್ಕೆ ರೂ. 50,000 ಪರಿಹಾರವಿದೆ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು.

7. ರಾಜಿ ಮತ್ತು ಮೇಲ್ಮನವಿ

ಅಪಘಾತದ ಸ್ಥಳದಲ್ಲಿ ಅಥವಾ ಆಸ್ಪತ್ರೆಯಲ್ಲಿ ಅಲ್ಪ ಮೊತ್ತ ಪಡೆದು ಖಾಲಿ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ದೊರೆಯಬಹುದು. ಆದರೆ ಅದರ ವಿರುದ್ಧ ಮೇಲ್ಮನವಿಯಿಲ್ಲ. ಒಪ್ಪುವ ಮುನ್ನ ಲೆಕ್ಕವನ್ನು ಅರಿತಿರಬೇಕು. ನ್ಯಾಯಮಂಡಳಿಯ ತೀರ್ಪಿನ ವಿರುದ್ಧ 90 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು. ಕೊಪ್ಪಳ ಜಿಲ್ಲೆಯ ಪ್ರಕರಣಗಳು ಧಾರವಾಡ ಪೀಠದ ವ್ಯಾಪ್ತಿಗೆ ಬರುತ್ತವೆ.

8. ಉಚಿತ ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯವುಳ್ಳವರು ವಕೀಲರ ನೆರವನ್ನು ಉಚಿತವಾಗಿ ಪಡೆಯಲು ಅರ್ಹರು. ಅಪಘಾತದಲ್ಲಿ ಪತಿಯನ್ನು ಕಳೆದುಕೊಂಡ ಮಹಿಳೆಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯನ್ನು, ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ ಸಹಾಯವಾಣಿ 15100ನ್ನು ಸಂಪರ್ಕಿಸಬಹುದು.